ಹಳೆ 800ಗೆ ಎಸ್ಟೀಮ್ ಎಂಜಿನ್ ಬೇಡ, ಐದನೇ ಗೇರ್ ಬೇಕಾದರೆ ಹಾಕಿಸಿ

ಪ್ರಶ್ನೆ: ನಾನಿರುವುದು ಪುಣೆಯ ಧನಕವಡಿಯಲ್ಲಿ, ಊರು ಗೋಕಾಕ. ಅಪ್ಪ ಕೊಂಡ 2004ರ ಮಾರುತಿ 800 ಈಗ ನನ್ನ ಹತ್ತಿರ ಇದೆ. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವುದು), ನಾಲ್ಕು ಗೇರಿನದು. ಆರ್‌ಸಿ 2029ರವರೆಗೆ ರಿನ್ಯೂ ಆಗಿದೆ. ಊರಿಗೆ ಹೋಗುವಾಗ ಖಂಬಾಟಕಿ ಘಾಟಿನಲ್ಲಿ ಹೊಗೆ ಬರುತ್ತದೆ, ಗಾಡಿ ಎಳೆಯುವುದೇ ಇಲ್ಲ. ಎರಡನೇ ಗೇರ್ ಕರಕರ ಅನ್ನುತ್ತದೆ, ಒಮ್ಮೊಮ್ಮೆ ತಾನಾಗಿಯೇ ಕಳಚಿ ನ್ಯೂಟ್ರಲ್‌ಗೆ ಬರುತ್ತದೆ. ಗ್ಯಾರೇಜಿನವರು ಮುಂಬೈನ ಕುರ್ಲಾದಿಂದ ಮಾರುತಿ ಎಸ್ಟೀಮ್ ಕಾರಿನ 1.3 ಲೀಟರ್ ಎಂಜಿನ್ ಮತ್ತು ಐದು ಗೇರಿನ ಬಾಕ್ಸ್ ತಂದು ಕೂರಿಸುತ್ತೇನೆ ಅಂತಿದ್ದಾರೆ. ಹಾಕಿಸಲೇ, ಇಲ್ಲಾ ಗಾಡಿಯನ್ನೇ ಗುಜರಿಗೆ ಕೊಡಲೇ?

ಉತ್ತರ: ಎರಡೂ ಬೇಡ. ನಿಮ್ಮ ಎಂಜಿನ್ನಿನ ಬ್ಲಾಕ್ ಅನ್ನು ಗಾಡಿಯಲ್ಲೇ ಉಳಿಸಿಕೊಂಡು ಒಳಗಿನ ಕೆಲಸ ಮಾಡಿಸಿ. ಐದು ಗೇರ್ ಬೇಕೇ ಬೇಕು ಅಂದರೆ 800ರದ್ದೇ ಐದು ಗೇರಿನ ಬಾಕ್ಸ್ ಹುಡುಕಿ. ಆದರೆ ಇವೆರಡಕ್ಕೂ ಕೈ ಹಾಕುವ ಮೊದಲು ನಿಜವಾಗಿ ಹಾಳಾಗಿರುವುದು ಏನು ಅಂತ ಗೊತ್ತಾಗಬೇಕು. ನಿಮ್ಮ ಪತ್ರದಲ್ಲಿ ಗ್ಯಾರೇಜಿನವರು ಎಂಜಿನ್ ಬದಲಿಸುವ ಮಾತಾಡಿದ್ದಾರೆ, ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿದ್ದಾರೆ ಅಂತ ಎಲ್ಲೂ ಇಲ್ಲ. ಅದನ್ನು ನೋಡದೆ ಎಂಜಿನ್ ಹೋಗಿದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲು ಹೊಗೆ. ಅದರ ಬಣ್ಣ ಯಾವುದು, ಯಾವಾಗ ಬರುತ್ತದೆ, ಅಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಪುಣೆಯಿಂದ ಸಾತಾರಾ ಕಡೆ ಹಳೆ ರಸ್ತೆಯಲ್ಲಿ ಹೋಗುವವರು ಖಂಬಾಟಕಿ ಘಾಟ್ ಹತ್ತಬೇಕು, ವಾಪಸ್ ಬರುವವರಿಗೆ ಸುರಂಗ ಇದೆ. ಹತ್ತುವಾಗ ಆಕ್ಸಿಲರೇಟರ್ ಒತ್ತಿದಷ್ಟು ಹೊತ್ತೂ ನೀಲಿ ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿದೆ, ಆಯಿಲ್ ಮೇಲೆ ಬಂದು ಸುಡುತ್ತಿದೆ. ವಾಪಸ್ ಬರುವಾಗ ಸುರಂಗ ದಾಟಿ ಇಳಿಜಾರಿನಲ್ಲಿ ಕಾಲು ತೆಗೆದು ಬಂದು, ಕೆಳಗೆ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಒಮ್ಮೆ ಗುಪ್ಪೆಂದು ನೀಲಿ ಹೊಗೆ ಬಂದು ನಿಂತುಬಿಟ್ಟರೆ ಅದು ವಾಲ್ವ್ ಸೀಲ್. ಅದು ಸಣ್ಣ ರಬ್ಬರ್ ಸಾಮಾನು, ಅದಕ್ಕಾಗಿ ಯಾರೂ ಎಂಜಿನ್ ಬದಲಿಸುವುದಿಲ್ಲ. ಬಿಳಿ ಹೊಗೆ ಬಿಡದೆ ಬರುತ್ತಿದ್ದು ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಿ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಆಗ ಸೆನ್ಸರ್, ಇಂಜೆಕ್ಟರ್, ಏರ್ ಫಿಲ್ಟರ್, ಇಷ್ಟು ನೋಡಿದರೆ ಸಾಕು. ನೀವು ಬಣ್ಣ ಬರೆದಿಲ್ಲ. ಮುಂದಿನ ಸಲ ಘಾಟ್ ಹತ್ತುವಾಗ ಹಿಂದಿನ ಸೀಟಿನಲ್ಲಿ ಯಾರನ್ನಾದರೂ ಕೂರಿಸಿಕೊಂಡು ನೋಡಿಸಿ.

ಆಮೇಲೆ ಕಂಪ್ರೆಶನ್. ಇದನ್ನು ನೀವೇ ಎದುರಿಗೆ ನಿಂತು ಮಾಡಿಸಿ. ಎಂಜಿನ್ ಬಿಸಿ ಇರಬೇಕು. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿರಬೇಕು, ಒಂದನ್ನು ಮಾತ್ರ ಬಿಚ್ಚಿ ನೋಡಿದರೆ ರೀಡಿಂಗ್ ಸರಿ ಬರುವುದಿಲ್ಲ. ಇಗ್ನಿಷನ್ ಮತ್ತು ಇಂಜೆಕ್ಟರ್ ಕನೆಕ್ಷನ್ ತೆಗೆದಿರಬೇಕು. ಬ್ಯಾಟರಿ ಫುಲ್ ಚಾರ್ಜ್ ಇರಬೇಕು. ಗೇಜನ್ನು ಪ್ಲಗ್ ತೂತಿಗೆ ಬಿಗಿದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿದರೆ ಮುಳ್ಳು ಎರಡು ಮೂರು ಹೆಜ್ಜೆ ಹಾರಿ ಒಂದು ಕಡೆ ನಿಲ್ಲುತ್ತದೆ. ಆ ಅಂಕಿ ಬರೆದುಕೊಳ್ಳಿ, ಮುಂದಿನ ಸಿಲಿಂಡರ್‌ಗೆ ಹೋಗಿ. ಮೂರರ ನಡುವೆ ಒಂದು ಕೆಜಿಗಿಂತ (ಚದರ ಸೆಂಟಿಮೀಟರಿಗೆ) ಜಾಸ್ತಿ ಫರಕು ಇರಬಾರದು. ಯಾವುದು ಕಡಿಮೆ ಬಂತೋ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಿ. ಅಂಕಿ ಏರಿದರೆ ತೊಂದರೆ ರಿಂಗ್ ಅಥವಾ ಬೋರ್‌ನಲ್ಲಿ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯಲ್ಲಿದೆ. ಏರದೆ ಹಾಗೇ ಇದ್ದರೆ ಮೇಲೆ, ವಾಲ್ವ್‌ನಲ್ಲಿ ಅಥವಾ ಗ್ಯಾಸ್ಕೆಟ್‌ನಲ್ಲಿದೆ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಬಿದ್ದಿದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಜಾಸ್ತಿ. ಗೇಜ್ ಇಲ್ಲ, ಅನುಭವದಲ್ಲೇ ಹೇಳುತ್ತೇನೆ ಅನ್ನುವ ಗ್ಯಾರೇಜಿಗೆ ಎಂಜಿನ್ ಬಿಚ್ಚಲು ಕೊಡಬೇಡಿ.

ಗೇರ್ ಕತೆಯೂ ಹಾಗೇ. ನೀವು ಹೇಳಿದ ಎರಡು ತೊಂದರೆಗಳ ಕಾರಣ ಒಂದೇ ಇರಬೇಕು ಅಂತಿಲ್ಲ. ಎರಡನೇ ಗೇರ್ ಕರಕರ ಅನ್ನುವುದು ಸಾಮಾನ್ಯವಾಗಿ ಸಿಂಕ್ರೊನೈಸರ್ ರಿಂಗ್ (ಗೇರ್ ಸರಾಗವಾಗಿ ಕೂಡುವಂತೆ ಮಾಡುವ ಬಳೆ) ಸವೆದಿದ್ದಕ್ಕೆ. ಪಟ್ಟಣದಲ್ಲಿ ಓಡುವ ಗಾಡಿಗೆ ಎರಡನೇ ಗೇರೇ ಜಾಸ್ತಿ ಬಳಕೆ, ಅದೇ ಮೊದಲು ಸವೆಯುತ್ತದೆ. ಆದರೆ ಕ್ಲಚ್ ಪೂರ್ತಿ ಬಿಡದಿದ್ದರೂ ಹಾಗೇ ಸದ್ದು ಬರುತ್ತದೆ, ಅದಕ್ಕೆ ಮೊದಲು ಕ್ಲಚ್ ಕೇಬಲ್ ಸರಿಮಾಡಿಸಿ ನೋಡಿ. ಇನ್ನು ಗೇರ್ ಕಳಚಿ ಬರುವುದು. ಬಾಕ್ಸ್ ಒಳಗೆ ಹಲ್ಲು ಅಥವಾ ಫೋರ್ಕ್ ಸವೆದಿದ್ದರೂ ಹೀಗಾಗುತ್ತದೆ, ಎಂಜಿನ್ ಮೌಂಟಿಂಗ್ (ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ರಬ್ಬರ್) ಹರಿದಿದ್ದರೂ ಆಗುತ್ತದೆ. ಈ ಗಾಡಿಯಲ್ಲಿ ಎಂಜಿನ್ ಅಡ್ಡಡ್ಡ ಕೂತಿದೆ, ಗೇರ್ ಲಿವರ್‌ನಿಂದ ಬಾಕ್ಸಿಗೆ ರಾಡ್ ಹೋಗುತ್ತದೆ. ಮೌಂಟಿಂಗ್ ರಬ್ಬರ್ ಹರಿದಿದ್ದರೆ ನೀವು ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಎಂಜಿನ್ ಹಿಂದೆ ಮುಂದೆ ವಾಲುತ್ತದೆ, ವಾಲುವಾಗ ರಾಡನ್ನೂ ಎಳೆಯುತ್ತದೆ, ಗೇರ್ ಕಳಚುತ್ತದೆ. ನೋಡುವುದು ಸುಲಭ. ಬಾನೆಟ್ ತೆಗೆದಿಡಿ, ಹ್ಯಾಂಡ್ ಬ್ರೇಕ್ ಹಾಕಿ, ಒಬ್ಬರು ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಮೊದಲನೇ ಗೇರಿನಲ್ಲಿ ಕ್ಲಚ್ ಸ್ವಲ್ಪ ಸ್ವಲ್ಪ ಬಿಡಲಿ, ಆಮೇಲೆ ರಿವರ್ಸ್‌ನಲ್ಲಿ. ನೀವು ಪಕ್ಕದಲ್ಲಿ ನಿಂತು ನೋಡಿ, ಗಾಡಿಯ ಎದುರಿಗೆ ಮಾತ್ರ ನಿಲ್ಲಬೇಡಿ. ಎಂಜಿನ್ ಎದ್ದು ಕೂತಂತೆ ಕಂಡರೆ ಮೌಂಟಿಂಗ್ ಹೋಗಿದೆ. ಲಿವರ್ ಬುಡದ ಬುಷ್‌ಗಳನ್ನೂ ಆಗಲೇ ನೋಡಿಸಿ. ಇಪ್ಪತ್ತು ವರ್ಷದ ರಬ್ಬರ್ ಅದು.

ಇನ್ನೊಂದು ಪರೀಕ್ಷೆ ಇದೆ. ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿರುವಾಗ ಗುಂಯ್ ಅನ್ನುವ ಸದ್ದಿದ್ದು ಕ್ಲಚ್ ಒತ್ತಿದ ಕೂಡಲೇ ನಿಂತರೆ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಹೋಗಿದೆ. ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ಅದು ರಿಲೀಸ್ ಬೇರಿಂಗ್, ಬಾಕ್ಸಿಗೂ ಅದಕ್ಕೂ ಸಂಬಂಧವಿಲ್ಲ.

ಈಗ ಎಸ್ಟೀಮ್ ಎಂಜಿನ್ ಮಾತು. ಅದು ಒಳ್ಳೆಯ ಎಂಜಿನ್, ಅದರಲ್ಲಿ ಎರಡು ಮಾತಿಲ್ಲ. 1298 ಸಿಸಿ, ನಾಲ್ಕು ಸಿಲಿಂಡರ್, ಅಲ್ಯೂಮಿನಿಯಂ ಬ್ಲಾಕ್, 16 ವಾಲ್ವಿನ ಎಂಪಿಎಫ್‌ಐ ಆದರೆ 85 ಬಿಎಚ್‌ಪಿ. ನಿಮ್ಮದು 796 ಸಿಸಿ, ಮೂರು ಸಿಲಿಂಡರ್, 37 ಬಿಎಚ್‌ಪಿ. ರೇಸ್ ಮಾಡುವ ಹುಡುಗರು ಈ ಕೂಡಿಕೆಯನ್ನು ತುಂಬಾ ಹಿಂದೆಯೇ ಮಾಡಿದ್ದಾರೆ, ಹಗುರ ಗಾಡಿಗೆ ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿ ಬಂದರೆ ಹೇಗೆ ಓಡುತ್ತದೆ ಅಂತ ನೀವೇ ಊಹಿಸಬಹುದು. ಆದರೆ ಅವರದು ಟ್ರ್ಯಾಕ್ ಗಾಡಿ. ನಿಮ್ಮದು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೊತ್ತು ನಿಪ್ಪಾಣಿ ದಾಟುವ ಗಾಡಿ.

ಹಡಪ್ಸರ್ ಕಡೆಯಿಂದ ಒಬ್ಬರು ಇಂಥದೇ ಗಾಡಿಯನ್ನು ನನಗೆ ತೋರಿಸಲು ತಂದಿದ್ದರು. ಬಾನೆಟ್ ಎತ್ತಿದರೆ ಹೊರಗಿಂದ ಕೆಲಸ ಚೆನ್ನಾಗೇ ಕಾಣುತ್ತಿತ್ತು. ಜಾಕ್ ಹಾಕಿ ಎತ್ತಿ ಕೆಳಗೆ ಟಾರ್ಚ್ ಹಿಡಿದಾಗ ನಿಜ ಗೊತ್ತಾಯಿತು. ಎಡಗಡೆ ಮೌಂಟಿಂಗ್‌ಗೆ ಕಬ್ಬಿಣದ ಪಟ್ಟಿ ಕತ್ತರಿಸಿ ವೆಲ್ಡ್ ಮಾಡಿದ್ದರು, ವೆಲ್ಡಿಂಗ್ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು ಓಡಿತ್ತು. ಎಸ್ಟೀಮ್ ಅಗಲವಾದ ಗಾಡಿ, ಅದರ ಡ್ರೈವ್ ಶಾಫ್ಟ್ (ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಕಂಬಿ) 800ಗೆ ಉದ್ದವಾಗುತ್ತದೆ. ಹಾಗಾಗಿ ಶಾಫ್ಟ್ ಕತ್ತರಿಸಿ, ನಡುವೆ ಕೊಳವೆಯ ತುಂಡು ಕೊಟ್ಟು ಬೆಸೆದಿದ್ದರು. ಆ ಬೆಸುಗೆಯ ಜಾಗದಲ್ಲಿ ಗ್ರೀಸ್ ಬಳಿದು ಮುಚ್ಚಿದ್ದರು. ಓಡುವಾಗ ಆ ಶಾಫ್ಟ್ ತುಂಡಾದರೆ ಒಂದೇ ಸಲಕ್ಕೆ ಎಳೆತ ನಿಲ್ಲುತ್ತದೆ, ತುಂಡಾದ ತುದಿ ತಿರುಗುತ್ತಾ ಪಕ್ಕದಲ್ಲಿ ಏನಿದೆಯೋ ಅದಕ್ಕೆಲ್ಲ ಬಡಿಯುತ್ತದೆ. ಘಾಟಿನಲ್ಲಿ ಹಿಂದೆ ಲಾರಿ ಇರುವಾಗ ಹೀಗಾಗುವುದನ್ನು ಯೋಚಿಸಿ. ನಾನು ಆ ಗಾಡಿಯನ್ನು ಓಡಿಸಿಕೊಂಡು ಹೋಗಲು ಬಿಡಲಿಲ್ಲ, ಟೋ ಮಾಡಿಸಿ ಕಳಿಸಿದೆ.

ಬ್ರೇಕ್ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದೇ ನನಗೆ ಬೇಸರ. 800ರ ಚಕ್ರ 12 ಇಂಚಿನದು, ಟೈರ್ 145 ಅಗಲದ್ದು. ಬ್ರೇಕ್ ಆ ಚಕ್ರದೊಳಗೆ ಕೂರುವಷ್ಟೇ ದೊಡ್ಡದಿರಲು ಸಾಧ್ಯ. ಎಂಬತ್ತರಲ್ಲಿ ಹೋಗುವವರು ನೂರಕ್ಕೆ ಹೋದರೆ ಬ್ರೇಕ್ ತಿನ್ನಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಎಂಜಿನ್ ಬದಲಿಸಿದವರು ಎಂಬತ್ತರಲ್ಲಿ ಓಡಿಸುತ್ತಾರಾ? ಇಲ್ಲ ಅಲ್ವಾ. ಹಾಗಾದರೆ ಬ್ರೇಕ್, ಹಬ್, ಚಕ್ರ, ಸಸ್ಪೆನ್ಶನ್, ರೇಡಿಯೇಟರ್ ಎಲ್ಲ ಬದಲಿಸಬೇಕು. ಜೊತೆಗೆ ಎಸ್ಟೀಮ್‌ನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಅದರ ಪೂರ್ತಿ ವೈರಿಂಗ್, ಇಮೊಬಿಲೈಸರ್ ಇರುವ ಮಾದರಿಯಾದರೆ ಅದರ ಕೀಲಿ, ಆಕ್ಸಿಜನ್ ಸೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ಇವೆಲ್ಲ ಸೇರಿ ಬರಬೇಕು. ಬರಲಿಲ್ಲ ಅಂದರೆ ಚೆಕ್ ಲೈಟ್ ಉರಿಯುತ್ತಲೇ ಇರುತ್ತದೆ, ಪಿಯುಸಿ ಪಾಸಾಗುವುದಿಲ್ಲ.

ಸರಿ, ಇಷ್ಟೆಲ್ಲ ಕೆಲಸ ಅಚ್ಚುಕಟ್ಟಾಗಿ ಮಾಡುವ ಮೇಸ್ತ್ರಿ ಸಿಕ್ಕರು ಅಂತಲೇ ಇಟ್ಟುಕೊಳ್ಳಿ. ಆಗಲೂ ಆರ್‌ಸಿ ಉಳಿಯುವುದಿಲ್ಲ. ಅದರಲ್ಲಿ ಎಂಜಿನ್ ನಂಬರ್ ಇದೆ, ಸಿಸಿ ಇದೆ, ಎಷ್ಟು ಸಿಲಿಂಡರ್ ಅಂತಲೂ ಇದೆ, ಮೂರೂ ಸುಳ್ಳಾಗುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯಾಗಿ 182ಎ ಕಲಮು ಬಂತು. ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ನನಗೆ ದಂಡಕ್ಕಿಂತ ಜಾಸ್ತಿ ಭಯ ಇನ್ಶೂರೆನ್ಸ್‌ದು. ದೇವರ ದಯೆಯಿಂದ ಏನೂ ಆಗದಿರಲಿ, ಆದರೆ ಯಾರಿಗಾದರೂ ಗಾಡಿ ತಾಗಿ ಸರ್ವೇಯರ್ ಬಂದು ನಂಬರ್ ನೋಡಿದರೆ, ಕ್ಲೇಮ್ ತಳ್ಳಿಹಾಕಲು ಅವರು ಅದನ್ನೇ ಕಾರಣ ಮಾಡಬಹುದು. 2029ಕ್ಕೆ ಮತ್ತೆ ಪಾಸಿಂಗ್‌ಗೆ ಹೋದಾಗಲೂ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ ನೋಡುವುದು ಅದೇ ನಂಬರನ್ನು. (ಸಿಎನ್‌ಜಿ ಕಿಟ್ ಹಾಕಿಸುವುದಕ್ಕೆ ಕಾಯ್ದೆಯಲ್ಲೇ ದಾರಿ ಇದೆ, ಒಪ್ಪಿಗೆ ಪಡೆದ ಕಿಟ್ ಆಗಿರಬೇಕು, ಆರ್‌ಸಿಯಲ್ಲಿ ಬರೆಸಬೇಕು. ಆದರೆ ರಿಂಗ್ ಸವೆದ ಎಂಜಿನ್ನಿಗೆ ಸಿಎನ್‌ಜಿ ಹಾಕಿಸಿದರೆ ಎಳೆತ ಇನ್ನೂ ಕಡಿಮೆಯಾಗುತ್ತದೆ. ಮೊದಲು ಎಂಜಿನ್, ಆಮೇಲೆ ಅದು.)

ಇಲ್ಲೇ ನಿಮಗೆ ಅನುಕೂಲವಾದ ಒಂದು ವಿಷಯ ಇದೆ. ಎಂಜಿನ್ ನಂಬರ್ ಕೊರೆದಿರುವುದು ಬ್ಲಾಕ್ ಮೇಲೆ. ಹೆಡ್ ಬದಲಿಸಿ, ಪಿಸ್ಟನ್ ಬದಲಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಬ್ಲಾಕ್ ಅದೇ ಇದ್ದರೆ ಕಾಗದದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. 800ರ ಬ್ಲಾಕ್ ಬೀಡು ಕಬ್ಬಿಣದ್ದು, ಬೋರ್ ಮಾಡಿಸಲು ತಕ್ಕದ್ದು. 0.25 ಮತ್ತು 0.50 ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಸಿಗುತ್ತವೆ. ಕಂಪ್ರೆಶನ್‌ನಲ್ಲಿ ರಿಂಗ್ ದೋಷ ಅಂತ ಬಂದರೆ ಬ್ಲಾಕನ್ನು ಲೇಥಿಗೆ ಕಳಿಸಿ ಅಳತೆ ತೆಗೆಸಿ. ಬೋರ್ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಎರಡು ದಿಕ್ಕಿನಲ್ಲಿ ಅಳೆಯಬೇಕು, ಯಾಕೆಂದರೆ ಬೋರ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಪಿಸ್ಟನ್ ತಂದು ಕೊಟ್ಟ ಮೇಲೆಯೇ ಬೋರ್ ಹೊಡೆಯಬೇಕು, ಮೊದಲು ಬೋರ್ ಹೊಡೆದು ಆಮೇಲೆ ಪಿಸ್ಟನ್ ಹುಡುಕುವ ಪದ್ಧತಿ ತಪ್ಪು. ಜೊತೆಗೆ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ರ್ಯಾಂಕ್‌ನ ಎರಡೂ ಬದಿಯ ಆಯಿಲ್ ಸೀಲ್, ಕ್ಲಚ್ ಪ್ಲೇಟ್ ಇವನ್ನೂ ಹೊಸದು ಹಾಕಿಸಿ. ಎಂಜಿನ್ ಕೆಳಗಿಳಿದಾಗ ಇವಕ್ಕೆ ಬೇರೆ ಮಜೂರಿ ಬೀಳುವುದಿಲ್ಲ. ಹಳೆ ಪೆಟ್ರೋಲ್ ಪೈಪುಗಳನ್ನೂ ಬದಲಿಸಿಬಿಡಿ, ಈಗ ಬಂಕಿನಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲಿಗೆ ಆ ಕಾಲದ ರಬ್ಬರ್ ತಡೆಯುವುದಿಲ್ಲ.

ಬ್ಲಾಕೇ ಒಡೆದಿದ್ದರೆ? ಆಗ ಮಾತ್ರ ಬೇರೆ ಎಂಜಿನ್. ಅದೂ 800ರದ್ದೇ, ನಿಮ್ಮ ಮಾದರಿಯದೇ. ಮೊದಲೇ ಆರ್‌ಟಿಒದಿಂದ ಒಪ್ಪಿಗೆ ತಗೊಳ್ಳಿ, ಪರಿವಾಹನ್ ಪೋರ್ಟಲ್‌ನಲ್ಲಿ ವಾಹನ ಬದಲಾವಣೆಯ ಅರ್ಜಿ ಇದೆ, ನಿಮ್ಮದು ಸಂಗಮ್ ಬ್ರಿಡ್ಜ್ ಹತ್ತಿರದ ಕಚೇರಿಗೆ ಬರುತ್ತದೆ. ಎಂಜಿನ್ ಕೂರಿಸಿದ ಮೇಲೆ ಹೊಸ ನಂಬರನ್ನು ಆರ್‌ಸಿಯಲ್ಲಿ ಹತ್ತಿಸಿ, ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ. ಆಲ್ಟೊದ 12 ವಾಲ್ವ್ ಎಂಜಿನ್ ಬಗ್ಗೆಯೂ ಕೆಲವರು ಹೇಳುತ್ತಾರೆ. ಅದೂ 796 ಸಿಸಿ, ಮೂರೇ ಸಿಲಿಂಡರ್, ಶಕ್ತಿ ಸ್ವಲ್ಪ ಜಾಸ್ತಿ. ಆಸೆ ಹುಟ್ಟುವುದು ಸಹಜ. ಆದರೆ ಇಸಿಯು, ವೈರಿಂಗ್ ಬೇರೆ, ಎಂಜಿನ್ ಮಾದರಿಯೇ ಬೇರೆ. ಲಿಖಿತ ಒಪ್ಪಿಗೆ ಕೈಗೆ ಬರುವ ಮೊದಲು ಅದಕ್ಕೆ ಅಡ್ವಾನ್ಸ್ ಕೊಡಬೇಡಿ.

ಕುರ್ಲಾದ ಸಿಎಸ್‌ಟಿ ರೋಡಿನ ಹಳೆ ಬಿಡಿಭಾಗಗಳ ಬಜಾರಿಗೆ ಹೋದರೆ ಕಣ್ಣು ತೆರೆದುಕೊಂಡು ಹೋಗಿ. ಅಲ್ಲಿ ಒಳ್ಳೆಯ ಮಾಲೂ ಇದೆ, ನಂಬಿಕಸ್ಥ ವ್ಯಾಪಾರಿಗಳೂ ಇದ್ದಾರೆ. ಆದರೆ ಮುಂಬೈಯಲ್ಲಿ ಮಳೆಗಾಲ ಅನ್ನುವುದೊಂದಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದು ಮಿಠಿ ನದಿ ಉಕ್ಕಿದಾಗ ಎಷ್ಟು ಗಾಡಿ ಮುಳುಗಿದವು ಅಂತ ಆಗ ಅಲ್ಲಿದ್ದವರನ್ನು ಕೇಳಿ. ಅಷ್ಟು ದೊಡ್ಡದಲ್ಲದಿದ್ದರೂ ತಗ್ಗಿನ ಜಾಗಗಳಲ್ಲಿ ನೀರು ನಿಲ್ಲುವುದು ಇದ್ದೇ ಇದೆ, ಮುಳುಗಿದ ಗಾಡಿಯ ಎಂಜಿನ್ ತೊಳೆದು ಒರೆಸಿ ಮಾರಾಟಕ್ಕೆ ಬರುತ್ತದೆ. ಟೈಮಿಂಗ್ ಕವರ್ ಬಿಚ್ಚಿಸಿ ನೋಡಿ, ಮೂಲೆಯಲ್ಲಿ ಒಣಗಿದ ಕೆಸರಿನ ಗೆರೆ ಇದ್ದರೆ ಬಿಟ್ಟುಬಿಡಿ. ಆಯಿಲ್ ಮುಚ್ಚಳದ ಒಳಗೆ ಕೆನೆಯ ಬಣ್ಣದ ಅಂಟು ಇದ್ದರೆ ನೀರು ಸೇರಿದೆ. ಪ್ಲಗ್ ಬಿಚ್ಚಿ ಸ್ಪ್ಯಾನರ್‌ನಿಂದ ಕ್ರ್ಯಾಂಕ್ ಪೂರ್ತಿ ಎರಡು ಸುತ್ತು ತಿರುಗಿಸಿ, ಎಲ್ಲೂ ಹಿಡಿಯಬಾರದು. ಎಲ್ಲಕ್ಕಿಂತ ಮೊದಲು ನಂಬರ್ ಕೊರೆದ ಜಾಗ ನೋಡಿ. ಅಲ್ಲಿ ಗ್ರೈಂಡರ್ ಗುರುತು, ಮತ್ತೆ ಹೊಡೆದ ಅಂಕಿ, ಹೊಸದಾಗಿ ಬಳಿದ ಪೇಂಟ್ ಕಂಡರೆ ಮಾತೇ ಆಡದೆ ವಾಪಸ್ ಬನ್ನಿ, ಅದು ಕದ್ದ ಮಾಲು ಇರಬಹುದು. ಬಿಲ್ ಬೇಕು, ಆ ಎಂಜಿನ್ ಯಾವ ಗಾಡಿಯದೋ ಅದರ ಆರ್‌ಸಿ ರದ್ದಾದ ಕಾಗದದ ಪ್ರತಿ ಬೇಕು. ಕಾಗದ ಆಮೇಲೆ ಕಳಿಸುತ್ತೇನೆ ಅನ್ನುವವರಿಗೆ ದುಡ್ಡೂ ಆಮೇಲೆ ಕಳಿಸುತ್ತೇನೆ ಅನ್ನಿ.

ಗೇರ್‌ಬಾಕ್ಸ್ ವಿಚಾರ ಇಷ್ಟು ಕಷ್ಟದ್ದಲ್ಲ. ಆರ್‌ಸಿಯಲ್ಲಿ ಗೇರ್‌ಬಾಕ್ಸ್ ನಂಬರ್ ಇರುವುದಿಲ್ಲ. ಕಂಪನಿಯೇ ಐದು ಗೇರಿನ 800 ಮಾರಿತ್ತು, ಹಾಗಾಗಿ ಅದು ಈ ಗಾಡಿಗೆ ಹೊರಗಿನ ಸಾಮಾನಲ್ಲ. ಆದರೆ ಬರೀ ಪೆಟ್ಟಿಗೆ ತಂದರೆ ಕೆಲಸ ನಿಲ್ಲುತ್ತದೆ. ಐದನೇ ಗೇರ್ ಬಾಕ್ಸಿನ ತುದಿಯಲ್ಲಿ ಪಕ್ಕದ ಕವರಿನೊಳಗೆ ಕೂರುವುದರಿಂದ ಪೆಟ್ಟಿಗೆಯ ಆಕಾರ ಬೇರೆ. ಅದರ ಮೌಂಟಿಂಗ್ ಬ್ರಾಕೆಟ್, ಗೇರ್ ರಾಡ್ ಮತ್ತು ಲಿವರ್, ಸ್ಪೀಡೋಮೀಟರ್ ಗೇರ್, ಎರಡೂ ಬದಿಯ ಡ್ರೈವ್ ಶಾಫ್ಟ್ ಒಂದೇ ಗಾಡಿಯಿಂದ ಬಿಚ್ಚಿದ್ದನ್ನೇ ಕೇಳಿ ತಗೊಳ್ಳಿ. ನಿಮ್ಮ ಹಳೆ ಕ್ಲಚ್ ಪ್ಲೇಟನ್ನು ಹೊಸ ಬಾಕ್ಸಿನ ಶಾಫ್ಟಿಗೆ ಕೈಯಲ್ಲೇ ಕೂರಿಸಿ ನೋಡಿ, ಹಲ್ಲು ಹೊಂದಿ ಸರಾಗವಾಗಿ ಜಾರಬೇಕು. ಡ್ರೈನ್ ಬೋಲ್ಟ್ ಬಿಚ್ಚಿ ಆಯಿಲ್ ಬೆರಳಿಗೆ ಹಚ್ಚಿ ನೋಡಿ. ಸಣ್ಣ ಬೂದು ಪುಡಿ ಸಹಜ, ಹೊಳೆಯುವ ಚೂರು ಸಿಕ್ಕರೆ ಬೇಡ. ಹೊಸ ಆಯಿಲ್ ಜಿಎಲ್-4 ದರ್ಜೆಯದೇ ಇರಲಿ, ಜಿಎಲ್-5 ಹಾಕಿದರೆ ಹಿತ್ತಾಳೆಯ ಸಿಂಕ್ರೊ ರಿಂಗ್‌ಗೆ ಒಳ್ಳೆಯದಲ್ಲ.

ಐದನೇ ಗೇರಿನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತಲೂ ತಿಳಿದಿರಲಿ. ಸಾತಾರಾ ದಾಟಿ ಕೊಲ್ಹಾಪುರದವರೆಗಿನ ನೇರ ರಸ್ತೆಯಲ್ಲಿ ಎಂಜಿನ್ ಕೂಗು ಕಡಿಮೆಯಾಗುತ್ತದೆ, ಪೆಟ್ರೋಲ್ ಸ್ವಲ್ಪ ಉಳಿಯುತ್ತದೆ. ಘಾಟ್ ಹತ್ತುವುದಕ್ಕೆ ಅದರಿಂದ ಏನೂ ಆಗುವುದಿಲ್ಲ, ಅಲ್ಲಿ ನೀವು ಎರಡು ಮೂರರಲ್ಲೇ ಇರುತ್ತೀರಿ. ಹತ್ತಲು ಬೇಕಾದದ್ದು ಕಂಪ್ರೆಶನ್. ಸರಿಯಾಗಿ ಕೂಡಿದ 37 ಬಿಎಚ್‌ಪಿ ಆ ಹಗುರ ಗಾಡಿಯನ್ನು ನಾಲ್ಕು ಜನರ ಸಮೇತ ಎಳೆದುಕೊಂಡು ಹೋಗುತ್ತದೆ, ಹೋಗುತ್ತಲೇ ಇತ್ತಲ್ಲ, ನಿಮ್ಮ ಅಪ್ಪನ ಕಾಲದಲ್ಲಿ. ಹಾಗಾಗಿ ದುಡ್ಡು ಮೊದಲು ಎಂಜಿನ್ನಿಗೆ, ಆಮೇಲೆ ಮೌಂಟಿಂಗ್ ಮತ್ತು ಬುಷ್‌ಗೆ, ಉಳಿದರೆ ಐದು ಗೇರಿಗೆ. ಮೌಂಟಿಂಗ್ ಬದಲಿಸಿದ ಮೇಲೆ ಗೇರ್ ಕಳಚುವುದು ನಿಂತುಬಿಟ್ಟರೆ ಈಗಿನ ಬಾಕ್ಸಿಗೆ ಬರೀ ಎರಡನೇ ಗೇರಿನ ರಿಂಗ್ ಹಾಕಿಸಿ ಸುಮ್ನೆ ಇದ್ದುಬಿಡಿ, ನಾನಾದರೆ ಹಾಗೇ ಮಾಡುತ್ತೇನೆ.

ಗುಜರಿ ಮಾತು ಒಂದೇ ಸಂದರ್ಭದಲ್ಲಿ ಒಪ್ಪುತ್ತೇನೆ. ಗಾಡಿಯ ತಳ ತುಕ್ಕು ಹಿಡಿದಿದ್ದರೆ. ಮುಂದಿನ ಸ್ಟ್ರಟ್ ಕೂರುವ ಜಾಗ, ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಸಸ್ಪೆನ್ಶನ್ ಹಿಡಿದಿರುವ ಜಾಗ, ಇಲ್ಲೆಲ್ಲ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿಸಿ. ತೂತು ಬಿದ್ದರೆ ಎಂಜಿನ್ನಿಗೆ ಒಂದು ರೂಪಾಯಿಯೂ ಹಾಕಬೇಡಿ. ಪುಣೆಯ ಗಾಡಿಗೆ ಕೊಂಕಣದ, ಗೋವಾದ ಗಾಡಿಗಳಷ್ಟು ಉಪ್ಪುಗಾಳಿ ತಾಗಿರುವುದಿಲ್ಲ, ಹಾಗಾಗಿ ನಿಮ್ಮದು ಚೆನ್ನಾಗಿರಬಹುದು ಅನ್ನುವ ನಂಬಿಕೆ ನನಗಿದೆ.

ಕಂಪ್ರೆಶನ್ ಮಾಡಿಸಿ ಮೂರು ಸಿಲಿಂಡರ್‌ನ ಅಂಕಿಗಳನ್ನೂ, ಆಯಿಲ್ ಬಿಟ್ಟ ಮೇಲೆ ಬಂದ ಅಂಕಿಯನ್ನೂ, ಹೊಗೆಯ ಬಣ್ಣವನ್ನೂ ಬರೆದು ಕಳಿಸಿ. ಹೆಡ್ ಮಾತ್ರ ಬಿಚ್ಚಿದರೆ ಸಾಕೋ, ಎಂಜಿನ್ ಪೂರ್ತಿ ಇಳಿಸಬೇಕೋ ಅಂತ ಅದನ್ನು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಗ್ಯಾರೇಜಿನವರಿಗೆ ಅಡ್ವಾನ್ಸ್ ಕೊಡಬೇಡಿ, ಆಯಿಲ್ ಮಟ್ಟವನ್ನು ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ನೋಡುತ್ತಿರಿ.